ಹಗಲೆಲ್ಲ ಮನೆಯವರು ಇರುತ್ತಾರೆ

ಜೂನ್ ೩

ಮಾನ್ಯರೇ,

ನಮ್ಮ ಬೀದಿಯ ಪಶುವೈದ್ಯರು ನಿಮ್ಮ ವಿಳಾಸ ಕೊಟ್ಟರು. ಫೋನ್ ನಂಬರ್ ಕೇಳಿದ್ದಕ್ಕೆ ನಕ್ಕು, "ಆಯಮ್ಮ ಫೋನಲ್ಲಿ ಮರಿ ಮಾತೆತ್ತಿದ್ರೆ ಇಟ್ಟುಬಿಡ್ತಾರೆ, ಕಾಗದ ಬರೀರಿ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ.

ನನಗೊಂದು ಬೀಗಲ್ ಮರಿ ಬೇಕು, ಹೆಣ್ಣಾದರೆ ಒಳ್ಳೆಯದು. ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದೇನೆ. ಔಷಧಿ ಡಬ್ಬಿಯೊಳಗೆ ಮಡಚಿಟ್ಟ ಸಣ್ಣಕ್ಷರದ ಕಾಗದ ಇರುತ್ತದಲ್ಲ, ಯಾರೂ ಓದದ ಆ ಕಾಗದವನ್ನು ಮೂರು ಮೂರು ಸಲ ಓದುವವಳು ನಾನು.

ಮುದ್ರಣಾಲಯದ ಎದುರಿನ ಅಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮರಿಗಳನ್ನು ಇಟ್ಟಿದ್ದಾರೆ. ಇವತ್ತೇ ತೆಗೆದುಕೊಂಡು ಹೋಗಿ ಅನ್ನುತ್ತಾರೆ. ವೈದ್ಯರು ಬೇಡ ಅಂದರು. ಯಾಕೆ ಅಂದರೆ, ಅದನ್ನೂ ನಿಮ್ಮನ್ನೇ ಕೇಳಬೇಕಂತೆ. ನಿಮ್ಮಲ್ಲಿ ಮರಿ ಇದೆಯೇ, ಯಾವಾಗ ಬಂದು ತೆಗೆದುಕೊಳ್ಳಬಹುದು, ತಿಳಿಸಿ.

ಇಂತಿ,
ಕರಡು ತಿದ್ದುವವಳು


ಜೂನ್ ೯

ಕರಡು ತಿದ್ದುವವರಿಗೆ,

ಯಾವಾಗ ತೆಗೆದುಕೊಳ್ಳಬಹುದು ಅಂತ ಕೇಳಿದ್ದೀರಿ. ಕೊಡುತ್ತೇನೋ ಇಲ್ಲವೋ ಅಂತ ಮೊದಲು ಕೇಳಬೇಕಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಹೇಗೆ?

ನಾನು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಈಗ ನನ್ನ ಕೈಯಲ್ಲಿ ಹೆರುವವಳು ನನ್ನ ಬೀಗಲ್ ಗುಂಡಮ್ಮ ಒಬ್ಬಳೇ. ಬೀದಿಯ ಮಕ್ಕಳು ನನ್ನನ್ನು ನಾಯಿಯಜ್ಜಿ ಅಂತ ಕರೆಯುತ್ತಾರೆ, ಎದುರಿಗೇ. ಫೋನಿನಲ್ಲಿ ಎಲ್ಲರೂ ಸಕ್ಕರೆ. ಕಾಗದದಲ್ಲಿ ಸುಳ್ಳು ಬರೆಯಬೇಕಾದರೆ ಕೈ ಸ್ವಲ್ಪವಾದರೂ ತಡೆಯುತ್ತದೆ ಅಂತ ನನ್ನ ನಂಬಿಕೆ. ಅದಕ್ಕೇ ಕಾಗದ.

ಆ ಗಾಜಿನ ಪೆಟ್ಟಿಗೆಯವನನ್ನು ಒಂದು ಮಾತು ಕೇಳಿ ನೋಡಿ, ಇದರ ತಾಯಿ ಎಲ್ಲಿ ಅಂತ. ಫಾರ್ಮಲ್ಲಿದೆ ಅನ್ನುತ್ತಾನೆ. ಹೋಗಿ ನೋಡೋಣ ನಡೀರಿ ಅನ್ನಿ. ತಕ್ಷಣ ಅವನಿಗೆ ಬೇರೆ ಗಿರಾಕಿ ಕಾಣಿಸುತ್ತಾರೆ. ತಾಯಿಯನ್ನು ತೋರಿಸದವನ ಹತ್ತಿರ ಮರಿ ತರಬಾರದು. ಎರಡು ತಿಂಗಳು ತುಂಬುವ ಮುಂಚೆ ತಾಯಿಯಿಂದ ಕಿತ್ತುಕೊಡುವವನ ಹತ್ತಿರ ತರಬಾರದು. ನಿಮ್ಮನ್ನು ಒಂದೂ ಪ್ರಶ್ನೆ ಕೇಳದೆ ಕೊಡುವವನ ಹತ್ತಿರವಂತೂ ಸುತರಾಂ ಕೂಡದು. ಅವನಿಗೆ ಮರಿ ಯಾರ ಮನೆಗೆ ಹೋದರೂ ಒಂದೇ.

ನಾನು ಕೇಳುತ್ತೇನೆ. ಬೀಗಲ್ಲೇ ಯಾಕೆ? ಊರು ಬಿಡಬೇಕಾದರೆ ಅವಳನ್ನು ಏನು ಮಾಡುತ್ತೀರಿ? ನೀವು ಕೆಲಸಕ್ಕೆ ಹೋದಾಗ, ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ಇದಕ್ಕೆ ಸರಿಯಾಗಿ ಉತ್ತರ ಬೇಕು. ಬೀಗಲ್ ಒಂಟಿಯಾಗಿ ಇರಲಾರದ ಜಾತಿ. ನನ್ನನ್ನೂ ನೀವು ಪ್ರಶ್ನೆ ಕೇಳಬೇಕು. ಕೇಳದವರಿಗೆ ನಾನು ಕೊಡುವುದಿಲ್ಲ.

ಒಂದು ಹೆಣ್ಣು ಮರಿ ಉಳಿದಿದೆ. ಕೇಳಿದವರು ಇಬ್ಬರು. ಯಾವ ಮನೆಗೆ ಹೋದರೂ, ಮುಂದೆ ಸಾಕಲು ಆಗದಿದ್ದರೆ ಅದು ನನ್ನ ಮನೆಗೇ ವಾಪಸ್ ಬರಬೇಕು. ಬೀದಿಗಲ್ಲ, ನೆಂಟರಿಗಲ್ಲ. ಅದು ಅವಳ ತವರು.

ನಾಯಿಯಜ್ಜಿ


ಜೂನ್ ೧೪

ಅಮ್ಮಾವರೇ,

ನಿಮ್ಮ ಕಾಗದ ಓದಿ ಪರೀಕ್ಷೆಗೆ ಕೂತ ಹಾಗಾಯಿತು. ಎದುರಿನ ಅಂಗಡಿಯವರನ್ನು ಕೇಳಿದೆ. ನೀವು ಹೇಳಿದ ಹಾಗೇ ಆಯಿತು, ಬೇರೆ ಗಿರಾಕಿ ಕಾಣಿಸಿದರು.

ಬೀಗಲ್ ಯಾಕೆ ಅಂದರೆ ಆ ಕಿವಿ. ಬೇರೆ ಕಾರಣ ಇಲ್ಲ, ಬಯ್ಯಬೇಡಿ. ಊರು ಬಿಟ್ಟರೆ ಅವಳೂ ನನ್ನ ಜೊತೆ ಬರುತ್ತಾಳೆ. ನನ್ನ ಕೆಲಸ ಬೆಳಿಗ್ಗೆಯಿಂದ ಸಂಜೆಯವರೆಗೆ. ಹಗಲೆಲ್ಲ ಮನೆಯವರು ಇರುತ್ತಾರೆ. ಮಂಡಿ ನೋವು, ಹೊರಗೆ ಹೋಗುವುದು ಅಪರೂಪ.

ಇನ್ನು ನನ್ನ ಪ್ರಶ್ನೆಗಳು. ಗುಂಡಮ್ಮನಿಗೆ ಎಷ್ಟು ವಯಸ್ಸು, ಎಷ್ಟು ಹೆರಿಗೆ ಆಗಿದೆ? ತಂದೆ ನಾಯಿ ಎಲ್ಲಿದೆ? ಇಬ್ಬರ ಕಣ್ಣು, ಸೊಂಟ ಪರೀಕ್ಷೆ ಮಾಡಿಸಿದ್ದೀರಾ? ಮರಿಗಳು ಮಲಗುವ ಜಾಗವನ್ನು ನಾನು ನೋಡಬಹುದೇ?

ಕರಡು ತಿದ್ದುವವಳು


ಜೂನ್ ೨೦

ತಂಗೀ,

ಇನ್ನು ಮೇಲೆ ನೀನು ಅಂತಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನಿನ್ನ ಪ್ರಶ್ನೆಗಳು ಮುತ್ತಿನಂಥವು. ಗುಂಡಮ್ಮನಿಗೆ ನಾಲ್ಕು ವರ್ಷ, ಇದು ಎರಡನೇ ಹೆರಿಗೆ. ಇನ್ನೊಂದು ಆದ ಮೇಲೆ ಅವಳಿಗೂ ನಿವೃತ್ತಿ. ತಂದೆ ನಮ್ಮ ಹಲ್ಲಿನ ಡಾಕ್ಟರ ಮನೆಯಲ್ಲಿದ್ದಾನೆ, ಬಂದಾಗ ತೋರಿಸುತ್ತೇನೆ. ಇಬ್ಬರ ಕಣ್ಣೂ ಸೊಂಟವೂ ಪರೀಕ್ಷೆ ಆಗಿದೆ. ನನ್ನ ಸೊಂಟವೇ ಕೆಟ್ಟಿರುವುದು. ಮರಿಗಳು ಮಲಗುವುದು ಅಡುಗೆಮನೆಯಲ್ಲಿ. ಕುಕ್ಕರ್ ಕೂಗಿಗೂ ಮಿಕ್ಸಿ ಸದ್ದಿಗೂ ಈಗಲೇ ಒಗ್ಗಿಹೋಗಿವೆ.

ನಿನ್ನ ಮನೆಯವರು ಹಗಲೆಲ್ಲ ಮನೆಯಲ್ಲೇ ಇರುತ್ತಾರೆ ಅನ್ನುವುದನ್ನು ಓದಿ ಕಾಗದ ಮಡಚಿಟ್ಟು ಸ್ವಲ್ಪ ಹೊತ್ತು ಕೂತೆ. ನಮ್ಮ ಯಜಮಾನರೂ ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿದಿದ್ದರು. ನಾನು ಡ್ಯೂಟಿಗೆ ಹೋದರೆ ಗುಂಡಮ್ಮನ ಅಜ್ಜಿ ಅವರ ಕಾಲ ಬಳಿ ಮಲಗಿರುತ್ತಿದ್ದಳು. "ನೀನಿಲ್ಲದಿದ್ರೂ ನಡೆಯುತ್ತೆ, ಅವಳಿಲ್ಲದಿದ್ರೆ ಆಗಲ್ಲ" ಅಂತ ನನ್ನನ್ನು ಉರಿಸುತ್ತಿದ್ದರು. ಗಂಡ ಕೆಲಸಕ್ಕೆ ಹೋಗದೆ ಮನೆಯಲ್ಲಿ ಕೂತರೆ ಊರಿಗೆಲ್ಲ ಬಾಯಿ ಬರುತ್ತದೆ. ನೀನು ಒಂದೇ ಸಾಲಿನಲ್ಲಿ ಹೇಳಿ ಸುಮ್ಮನಾದೆ, ದೂರಲಿಲ್ಲ. ಅದು ನನಗೆ ಹಿಡಿಸಿತು.

ಮರಿ ಕೇಳಿದ ಇನ್ನೊಂದು ಮನೆ ನಿಮ್ಮ ಊರಿನದೇ. ಅವನು ಶಾಲೆಯ ಬಸ್ಸಿನ ಡ್ರೈವರ್. ಮಗಳಿಗೆ ಮರಿ ಬೇಕಂತೆ. "ನಾವಿಬ್ಬರೂ ದುಡಿಯುವವರು, ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ" ಅಂತ ಮೊದಲ ಸಾಲಿನಲ್ಲೇ ಬರೆದ. ಪಾಪ, ಮುಚ್ಚಿಡಲಿಲ್ಲ. ಮನೆಯಲ್ಲಿ ಗಂಡ ಇರುವ ಒಬ್ಬಳಿಗೆ ಕೊಡುತ್ತಿದ್ದೇನೆ ಅಂತ ಅವನಿಗೆ ತಿಳಿಸಿಬಿಟ್ಟೆ.

ಕೊಡುವ ಮುಂಚೆ ನಾನೇ ಹೋಗಿ ಮನೆ ನೋಡಿ ಬರುವುದು ವಾಡಿಕೆ. ಈ ಸಲ ಸೊಂಟ ಬಿಡುತ್ತಿಲ್ಲ. ನಿನ್ನ ಕಾಗದವೇ ಸಾಕು. ಮುಂದಿನ ತಿಂಗಳ ಮೊದಲ ಭಾನುವಾರ ಬಾ. ಯಜಮಾನರಿಗೆ ಬರಲಾದರೆ ಅವರನ್ನೂ ಕರೆದುಕೊಂಡು ಬಾ.

ನಾಯಿಯಜ್ಜಿ


ಜೂನ್ ೨೪

ಅಮ್ಮಾ,

ಈ ಕಾಗದವನ್ನು ನಿಮಗೆ ಕಳಿಸುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ನನಗೆ ಮದುವೆಯೇ ಆಗಿಲ್ಲ. ನಾನಿರುವುದು ಮಹಡಿಯ ಮೇಲಿನ ಬಾಡಿಗೆ ಮನೆ, ಒಂದು ಕೋಣೆ, ಒಂದು ಅಡುಗೆಕಟ್ಟೆ. ಮನೆಯವರು ಅಂದರೆ ಕೆಳಗಿರುವ ಮನೆಯ ಮಾಲೀಕರು, ವಯಸ್ಸಾದ ಗಂಡ ಹೆಂಡತಿ. ಮಂಡಿ ನೋವು ಆ ಯಜಮಾನರಿಗೆ. ಅವರು ಹಗಲೆಲ್ಲ ಮನೆಯಲ್ಲಿರುವುದು ನಿಜ. ನನ್ನ ನಾಯಿಯನ್ನು ಅವರು ನೋಡಿಕೊಳ್ಳುತ್ತಾರೆ ಅಂತ ನಾನು ಬರೆದಿಲ್ಲ. ಹಾಗೆ ಅಂತ ನಿನ್ನೆಯಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಕರಡಿನಲ್ಲಿ "ಕೆಳಗಿನ ಮನೆಯವರು" ಅಂತಲೇ ಇತ್ತು. ಅಚ್ಚುಕಟ್ಟಾಗಿ ನಕಲು ಮಾಡುವಾಗ "ಕೆಳಗಿನ" ಬಿಟ್ಟುಹೋಯಿತು. ಬಿಟ್ಟುಹೋಯಿತು ಅನ್ನುವುದೂ ಸುಳ್ಳು. ಬಿಟ್ಟದ್ದು ಕಂಡಿತ್ತು. ಒಂದು ಪದ ಬಿದ್ದರೆ ಅರ್ಥ ಎಲ್ಲಿಗೆ ಹೋಗುತ್ತದೆ ಅಂತ ನೋಡುವುದೇ ನನ್ನ ಕೆಲಸ. ಪರರ ಕರಡಿನಲ್ಲಾದರೆ ಕೆಂಪು ಗುರುತು ಹಾಕುತ್ತಿದ್ದೆ. ಇಲ್ಲಿ ಲಕೋಟೆ ಅಂಟಿಸಿದೆ.

ನೀವು ಹೀಗೆ ಓದುತ್ತೀರಿ ಅಂದುಕೊಂಡಿರಲಿಲ್ಲ. ಯಾರೋ ಮನೆಯಲ್ಲಿ ಇರುತ್ತಾರೆ ಅಂತ ಅಂದುಕೊಂಡರೆ ಸಾಕಿತ್ತು. ನೀವು ನನಗೆ ಗಂಡನನ್ನೇ ಕೊಟ್ಟುಬಿಟ್ಟಿರಿ.

ನಾಳೆ ತಿದ್ದಿ ಬರೆಯಬೇಕು.


ಜುಲೈ ೮

ಅಮ್ಮಾವರೇ,

ಕ್ಷೇಮವಾಗಿ ತಲುಪಿದೆವು. ಬಸ್ಸಿನಲ್ಲಿ ಅರ್ಧ ದಾರಿ ನಿದ್ದೆ, ಇನ್ನರ್ಧ ದಾರಿ ಅಳು. ಪಕ್ಕದ ಸೀಟಿನವರು "ಏನ್ರೀ ಇದು, ಪಿಟೀಲು ಕೊಯ್ದ ಹಾಗೆ ಕೊಯ್ಯುತ್ತೆ" ಅಂದರು. ಅವಳಿಗೆ ಅದೇ ಹೆಸರಾಯಿತು, ಪಿಟೀಲು.

ಗುಂಡಮ್ಮ ನನ್ನ ಕೈ ಮೂಸಿ, ಬಾಗಿಲವರೆಗೂ ಬಂದು ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನೀವು ಕಟ್ಟಿಕೊಟ್ಟ ಹಳೆಯ ಟವಲಿನ ಮೇಲೇ ಮಲಗುತ್ತಾಳೆ, ತಾಯಿ ವಾಸನೆ ಇದೆಯಲ್ಲ.

"ಯಜಮಾನರು ಬರಲಿಲ್ವಾ" ಅಂತ ನೀವು ಕೇಳಿದಾಗ "ಅವರಿಗೆ ಬಸ್ಸು ಆಗಲ್ಲ" ಅಂದೆ. ಮನೆಯವರು ಕ್ಷೇಮ.

ಕರಡು ತಿದ್ದುವವಳು


ಜುಲೈ ೨೧

ಮಗಳೇ,

ಜೊತೆಗೆ ಕಳಿಸಿರುವ ಪೊಟ್ಟಣದಲ್ಲಿ ಎರಡು ಉಣ್ಣೆಯ ಮಂಡಿಪಟ್ಟಿ ಇವೆ. ಯಜಮಾನರಿಗೆ. ಅಳತೆ ಗೊತ್ತಿಲ್ಲ, ನಮ್ಮವರ ಕಾಲು ನೆನೆಸಿಕೊಂಡು ಹೆಣೆದೆ. ಸಡಿಲವಾದರೆ ಹೇಳು. ಬಿಗಿಯಾದರೆ ಊಟ ಕಡಿಮೆ ಮಾಡಲು ಹೇಳು.

ನಿಜ ಹೇಳುತ್ತೇನೆ, ಈಗೀಗ ಹೆಣೆಯುವುದಕ್ಕೆ ನನಗೆ ಯಾರ ಕಾಲೂ ಇರಲಿಲ್ಲ. ನಿನ್ನಿಂದ ಒಂದು ನೆಪ ಸಿಕ್ಕಿತು.

ಪಿಟೀಲು ಹೇಗಿದ್ದಾಳೆ? ಹಗಲು ಅವರ ಹತ್ತಿರ ಹೋಗಿ ಕೂರುತ್ತಾಳಾ? ಎರಡು ಸಾಲು ಅವರ ಕೈಯಲ್ಲೇ ಬರೆಸಿ ಕಳಿಸು.

ನಾಯಿಯಜ್ಜಿ


ಆಗಸ್ಟ್ ೪

ಅಮ್ಮಾ,

ಮಂಡಿಪಟ್ಟಿ ಸರಿಯಾಗಿ ಹೊಂದಿತು. ಅವರು ಬಹಳ ಸಂತೋಷಪಟ್ಟರು. ಅವರಿಗೆ ಬರೆಯುವ ಅಭ್ಯಾಸ ಇಲ್ಲ, ತಪ್ಪು ತಿಳಿಯಬೇಡಿ.

ಪಿಟೀಲು ಚೆನ್ನಾಗಿ ತಿನ್ನುತ್ತಾಳೆ, ತೂಕ ಹಾಕಿದ್ದಾಳೆ. ಹಗಲು ಮಾತ್ರ ಸ್ವಲ್ಪ ಊಳಿಡುತ್ತಾಳೆ. ನಿಲ್ಲಿಸಲು ಏನಾದರೂ ಉಪಾಯ ಇದೆಯೇ? ಬಾಗಿಲ ಕೆಳಗಿನ ಅಂಚನ್ನೂ ಕಚ್ಚುತ್ತಾಳೆ.

ಕರಡು ತಿದ್ದುವವಳು


ಆಗಸ್ಟ್ ೧೧

ಮಗಳೇ,

ಪಕ್ಕದಲ್ಲಿ ಮನುಷ್ಯ ಇದ್ದರೆ ಬೀಗಲ್ ಬಾಗಿಲು ಕಚ್ಚುವುದಿಲ್ಲ. ನಿನ್ನ ಯಜಮಾನರು ಅವಳನ್ನು ಒಂದು ಕೋಣೆಯಲ್ಲಿ ಬಿಟ್ಟು ತಾವು ಇನ್ನೊಂದರಲ್ಲಿ ಕೂರುತ್ತಾರೋ ಏನೋ. ಗಂಡಸರು ನಾಯಿಯ ಜೊತೆ ಮಾತಾಡಲು ನಾಚುತ್ತಾರೆ. ಯಾರೂ ಕೇಳಿಸಿಕೊಳ್ಳುವುದಿಲ್ಲ, ಮಾತಾಡಿ ಅಂತ ಹೇಳು. ನಮ್ಮವರು ಆಫೀಸಿನ ಮೇಲಧಿಕಾರಿಯ ಮೇಲಿನ ದೂರನ್ನೆಲ್ಲ ನಾಯಿಗೇ ಹೇಳುತ್ತಿದ್ದರು.

ಒಂದು ವಾರ ಮಾಡಿ ನೋಡಲಿ, ಆಮೇಲೆ ಬರೆ.

ನಾಯಿಯಜ್ಜಿ


ಸೆಪ್ಟೆಂಬರ್ ೬

ಮಗಳೇ,

ನಿನ್ನ ಉತ್ತರ ಬರಲಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾರಿಗಾದರೂ ಹೇಳಿಕೊಳ್ಳಬೇಕು.

ಆ ಬಸ್ ಡ್ರೈವರ್ ಕಾಗದ ಹಾಕಿದ್ದ. ನಾನು ಇಲ್ಲ ಅಂದ ಮೇಲೆ ಮಗಳ ಅಳು ನೋಡಲಾರದೆ, ಸಂತೆಯಲ್ಲಿ ವ್ಯಾನಿನ ಹಿಂದೆ ರಟ್ಟಿನ ಡಬ್ಬಿಯಲ್ಲಿ ಇಟ್ಟು ಮಾರುತ್ತಿದ್ದವನ ಹತ್ತಿರ ಒಂದು ಬೀಗಲ್ ಮರಿ ತಂದನಂತೆ. ತಾಯಿ ಎಲ್ಲಿ ಅಂತ ಕೇಳಿದನಂತೆ. ಇದೇ ನೋಡಿ ಅಂತ ಆ ವ್ಯಾನಿನವನು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದನಂತೆ. ಮರಿಗೆ ಇನ್ನೂ ಸರಿಯಾಗಿ ಹಲ್ಲೇ ಬಂದಿರಲಿಲ್ಲ. ತಂದ ವಾರದಲ್ಲೇ ವಾಂತಿ, ರಕ್ತಭೇದಿ. ಮಗಳ ಮಡಿಲಲ್ಲೇ ಹೋಯಿತು. ಆ ಹುಡುಗಿ ಈಗ ಶಾಲೆಗೆ ಹೋಗುವಾಗ ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾಳಂತೆ.

ಬಯ್ದು ಬರೆಯೋಣ ಅಂತ ಕೂತೆ. ಯಾವ ಬಾಯಿಯಿಂದ ಬಯ್ಯಲಿ? ಅವನು ಮೊದಲು ಬಂದದ್ದು ನನ್ನ ಬಾಗಿಲಿಗೇ. ನಾನು ಬಾಗಿಲು ಹಾಕಿದೆ, ಅವನು ಸಂತೆಗೆ ಹೋದ. ಎರಡು ದಿನದಿಂದ ಅನ್ನ ಸೇರುತ್ತಿಲ್ಲ.

ಒಂದೇ ಸಮಾಧಾನ. ಪಿಟೀಲು ಸರಿಯಾದ ಮನೆಗೇ ಹೋದಳು.

ನಾಯಿಯಜ್ಜಿ


ಅಕ್ಟೋಬರ್ ೪

ಮಗಳೇ,

ಯಾಕೆ ಕಾಗದ ಇಲ್ಲ? ಯಜಮಾನರಿಗೆ ಹೆಚ್ಚಾಯಿತಾ? ನನ್ನ ಹತ್ತಿರ ಸಂಕೋಚ ಬೇಡ, ಹಾಸಿಗೆ ಹಿಡಿದವರನ್ನು ನೋಡಿಕೊಂಡ ಕೈ ಇದು. ಸೊಂಟ ಈಗ ಪರವಾಗಿಲ್ಲ. ಈ ತಿಂಗಳ ಕೊನೆಗೆ ನಾನೇ ಬಂದು ನಾಲ್ಕು ದಿನ ನಿನ್ನ ಜೊತೆ ಇರುತ್ತೇನೆ.

ನಾಯಿಯಜ್ಜಿ


ಅಕ್ಟೋಬರ್ ೯

ಅಮ್ಮಾ,

ಬರಬೇಡಿ. ಯಾರಿಗೂ ಹೆಚ್ಚಾಗಿಲ್ಲ. ಯಾರೂ ಇಲ್ಲ.

ನನಗೆ ಗಂಡ ಇಲ್ಲ. ಮನೆಯವರು ಅಂತ ನಾನು ಬರೆದದ್ದು ಮನೆಯ ಮಾಲೀಕರನ್ನು. ನೀವು ತಪ್ಪಾಗಿ ಓದಿದಿರಿ, ನಾನು ತಿದ್ದಲಿಲ್ಲ. ಆಮೇಲೆ ನಿಮ್ಮ ಅಡುಗೆಮನೆಯಲ್ಲಿ ನಿಂತು ಬಾಯಿಬಿಟ್ಟು ಸುಳ್ಳು ಹೇಳಿದೆ. ಮಂಡಿಪಟ್ಟಿಯನ್ನು ಏನು ಮಾಡುವುದು ತಿಳಿಯದೆ ಮಾಲೀಕರಿಗೆ ಕೊಟ್ಟೆ. ಅವರು ಖುಷಿಯಿಂದ ಹಾಕಿಕೊಂಡರು. ಅವರ ಹೆಂಡತಿ, "ಯಾವಳ್ರೀ ಅವಳು, ನನ್ನ ಗಂಡನ ಕಾಲಿಗೆ ಹೆಣೆದು ಕಳಿಸೋಳು" ಅಂತ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದರು. ನಗು ಬರಬೇಕಿತ್ತು. ಬರಲಿಲ್ಲ.

ಪಿಟೀಲನ್ನು ಬೆಳಿಗ್ಗೆ ಬಚ್ಚಲಲ್ಲಿ ಕೂಡಿಹಾಕಿ ಹೋಗುತ್ತೇನೆ. ಕೋಣೆಯಲ್ಲಿ ಬಿಟ್ಟರೆ ಊಳಿಡುವುದು ಬೀದಿಗೆಲ್ಲ ಕೇಳುತ್ತದೆ. ಇನ್ನೊಂದು ಸಲ ಕೇಳಿಸಿದರೆ ಮನೆ ಖಾಲಿ ಮಾಡಿ ಅಂತ ಮಾಲೀಕರು ಅಂದಿದ್ದಾರೆ. ಬಾಗಿಲು ಕಚ್ಚಿ ಕಚ್ಚಿ ಒಸಡಿನಲ್ಲಿ ರಕ್ತ ಬರುತ್ತದೆ. ಮಧ್ಯಾಹ್ನ ಊಟ ಬಿಟ್ಟು ಓಡಿ ಬಂದು ನೋಡಿ ಹೋಗುತ್ತೇನೆ. ಹೋಗುವಾಗ ಅವಳು ನನ್ನ ಸೀರೆಯ ಅಂಚು ಹಿಡಿಯುತ್ತಾಳೆ, ಬಾಯಿಂದ ಬಿಡಿಸಿಕೊಂಡು ಬರುತ್ತೇನೆ.

ಯಾಕೆ ಹೀಗೆ ಮಾಡಿದೆ ಅಂದರೆ, ಸಂಜೆ ಬೀಗ ತೆಗೆದಾಗ ಒಳಗಿಂದ ಯಾರಾದರೂ ಓಡಿ ಬರಲಿ ಅನ್ನುವ ಆಸೆ ಇತ್ತು. ಈಗ ಬರುತ್ತಾಳೆ. ಆ ಒಂದು ಗಳಿಗೆಯ ಖುಷಿಗಾಗಿ ಅವಳು ಹಗಲೆಲ್ಲ ಕತ್ತಲಲ್ಲಿ ಕೂತಿರುತ್ತಾಳೆ.

ಡ್ರೈವರ್ ಮನೆಯ ವಿಷಯ ಓದಿದ ದಿನದಿಂದ ಮುದ್ರಣಾಲಯದಲ್ಲಿ ಯಾರಾದರೂ "ತಪ್ಪು ಯಾರದು" ಅಂದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಸ್ಥಿತಿ ನನ್ನದು. ಆ ಸತ್ತ ಮರಿ ನನ್ನ ಲೆಕ್ಕದ್ದು, ನಿಮ್ಮದಲ್ಲ. ನೀವು ಅನ್ನ ಬಿಡಬೇಡಿ.

ಪಿಟೀಲನ್ನು ವಾಪಸ್ ತರಲೇ? ತನ್ನಿ ಅಂದರೆ ತರುತ್ತೇನೆ. ಬೇಡ ಅನ್ನಲಿ ದೇವರೇ ಅಂತಲೂ ಮನಸ್ಸಿನಲ್ಲಿದೆ. ಇನ್ನು ಏನನ್ನೂ ಮುಚ್ಚಿಡಬಾರದು ಅಂತ ಇದನ್ನೂ ಬರೆದಿದ್ದೇನೆ.

ಕರಡು ತಿದ್ದುವವಳು


ಅಕ್ಟೋಬರ್ ೨೦

ಮಾನ್ಯರೇ,

ನಿಮ್ಮ ಕಾಗದ ತಲುಪಿತು.

ಗುಂಡಮ್ಮನ ಮರಿಯನ್ನು ಬಚ್ಚಲಲ್ಲಿ ಕೂಡಿಹಾಕಿದ್ದೀರಿ ಅನ್ನುವುದನ್ನು ಓದಿ ಕಾಗದವನ್ನು ಕೆಳಗಿಟ್ಟೆ. ಎರಡು ದಿನ ಅದನ್ನು ಮುಟ್ಟಲಿಲ್ಲ. ಆ ಮಂಡಿಪಟ್ಟಿ ಹೆಣೆಯುವಾಗ ನಾನು ನಮ್ಮವರ ಜೊತೆ ಮಾತಾಡಿಕೊಂಡು ಹೆಣೆದಿದ್ದೆ. ಅದನ್ನು ನೀವು ಯಾರಿಗೋ ಕೊಟ್ಟದ್ದನ್ನು ಕ್ಷಮಿಸಲು ನನಗೆ ಆಗುತ್ತಿಲ್ಲ. ಆಗುತ್ತದೆ ಅಂತ ಸುಳ್ಳು ಬರೆಯುವುದಿಲ್ಲ.

ಇನ್ನೊಂದು ಮಾತು. ನನ್ನ ರೂಢಿ ಮುರಿದವಳು ನಾನೇ. ಮನೆ ನೋಡಲು ಬರಲಿಲ್ಲ. ಆ ಡ್ರೈವರನ್ನು ಎರಡನೇ ಪ್ರಶ್ನೆ ಕೇಳಲಿಲ್ಲ, ನಿಮ್ಮನ್ನೂ ಕೇಳಲಿಲ್ಲ. ಒಂದು ಪದ ನೋಡಿ ಮನಸ್ಸು ಕರಗಿ ಕೊಟ್ಟೆ. ನಾಲ್ಕು ಜನಕ್ಕೆ ಬುದ್ಧಿ ಹೇಳುವ ಮುದುಕಿ ಮೋಸ ಹೋದಳು ಅಂತ ನನ್ನ ಮೇಲೆ ನನಗೇ ಸಿಟ್ಟು. ಮೋಸ ಹೋದವಳು ನಾನು, ಸತ್ತದ್ದು ಬೇರೆ ಯಾರ ಮನೆಯದೋ ಮರಿ.

ಡ್ರೈವರ್ ಮನೆಯ ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ. ಮಗಳ ಭಯ ಹೋಗಲಿ, ಆ ಮರಿಯನ್ನು ಒಂದು ಸಲ ನೋಡಬಹುದಾ ಅಂತ ಅವನು ಕೇಳಿದ್ದ. ಪಿಟೀಲನ್ನು ಕರೆದುಕೊಂಡು ಹೋಗಿ. ನೀವು ಈಗ ಬರೆದದ್ದನ್ನು ನಾನು ಅವನಿಗೆ ತಿಳಿಸಿಲ್ಲ. ಏನು ಹೇಳುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು. ವಾಪಸ್ಸಿನ ಮಾತು ಆಮೇಲೆ.

ಗುಂಡಮ್ಮನ ಮನೆಯವಳು


ನವೆಂಬರ್ ೩

ಅಮ್ಮಾ,

ಹೋಗಿ ಬಂದೆ.

ಅವರದು ಮೂರನೇ ಮಹಡಿ. ಬಸ್ಸು ಮನೆಯ ಕೆಳಗೇ ನಿಂತಿತ್ತು. ಕಿಟಕಿಯ ಸರಳಿಗೆ ಅವರ ಖಾಕಿ ಅಂಗಿ ಒಣಗಲು ಹಾಕಿದ್ದರು. ಹೆಂಡತಿ ಬಟ್ಟೆ ಅಂಗಡಿಯಲ್ಲಿ ಮಡಚುವ ಕೆಲಸ ಮಾಡುತ್ತಾರೆ, ಅವತ್ತು ರಜೆ. ಹುಡುಗಿಗೆ ಎಂಟೋ ಒಂಬತ್ತೋ ಇರಬೇಕು. ನಾವು ಒಳಗೆ ಹೋದಾಗ ಮಂಚದ ಮೇಲೆ ಕಾಲು ಮಡಚಿ ಕೂತಿದ್ದಳು, ಇಳಿಯಲಿಲ್ಲ. ಪಿಟೀಲು ಮಂಚದ ಕೆಳಗೆ ಮೂಸಿ, ಮೂಲೆ ಮೂಸಿ, ಕೊನೆಗೆ ಅವಳ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಕಾಫಿ ಬರುವ ಹೊತ್ತಿಗೆ ಹುಡುಗಿ ನೆಲದ ಮೇಲಿದ್ದಳು.

ಡ್ರೈವರ್ ಬಹಳ ಮರ್ಯಾದೆಯಿಂದ ಮಾತಾಡಿದರು. "ನಿಮ್ಮ ಯಜಮಾನ್ರು ಮನೇಲೇ ಇರ್ತಾರಂತೆ, ಅಜ್ಜಿ ಬರೆದಿದ್ರು. ಪುಣ್ಯ ಮಾಡಿದೆ ಈ ಮರಿ" ಅಂದರು. ನಾನು ಕಾಫಿ ಒಂದು ಗುಟುಕು ಕುಡಿದೆ.

ಆಮೇಲೆ ಅವರು ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು ತಂದು ನನ್ನ ಮುಂದೆ ಇಟ್ಟರು. "ಮೇಡಂ, ಒಂದು ಉಪಕಾರ ಮಾಡಿ. ಗುಂಡಮ್ಮ ಇನ್ನೊಂದು ಸಲ ಮರಿ ಹಾಕ್ತಾಳಂತಲ್ಲ. ಆಗ ಹೇಗೆ ಬರೀಬೇಕು ಅಂತ ಹೇಳಿಕೊಡಿ. ನಂಗೆ ಬರೆಯೋಕೆ ಬರಲ್ಲ. ನನ್ನ ಕಾಗದದಲ್ಲೇ ಏನೋ ತಪ್ಪಿತ್ತು, ಅದಕ್ಕೇ ಅಜ್ಜಿ ಬೇಡ ಅಂದಿದ್ದು. ನೀವು ಪ್ರೆಸ್ಸಲ್ಲಿ ತಿದ್ದೋರು ಅಂದ್ರಲ್ಲ, ನಿಮಗೆ ಗೊತ್ತಾಗುತ್ತೆ. ನೀವು ಏನಂತ ಬರೆದಿದ್ರಿ?"

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ತಾವು ಬರೆದ ಕಾಗದದಲ್ಲಿ ತಪ್ಪು ಇದ್ದದ್ದಕ್ಕೆ ಮಗಳು ಅತ್ತಳು ಅಂತ ಆ ಮನುಷ್ಯ ಇಷ್ಟು ತಿಂಗಳಿಂದ ನಂಬಿಕೊಂಡು ಕೂತಿದ್ದರು.

"ನೀವು ಹಗಲು ಮನೇಲಿ ಇರೋದೇ ಇಲ್ವಾ" ಅಂತ ಕೇಳಿದೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಮತ್ತೆ ಸಂಜೆಯ ಟ್ರಿಪ್ಪಿನವರೆಗೆ ಮನೆಯಲ್ಲೇ ಇರುತ್ತಾರಂತೆ. "ಆದ್ರೆ ಗ್ಯಾರೇಜಿಗೆ ಬಾ ಅಂದ್ರೆ ಯಾವಾಗ ಬೇಕಾದ್ರೂ ಹೋಗಬೇಕು ಮೇಡಂ. ಇರ್ತೀನಿ ಅಂತ ಬರೆದು ಒಂದಿನ ಇಲ್ಲದಿದ್ರೆ ಸುಳ್ಳಾಗುತ್ತಲ್ಲ. ಅದಕ್ಕೆ ಯಾರೂ ಇರಲ್ಲ ಅಂತಲೇ ಬರೆದೆ."

ಆಗ ಹೇಳಿದೆ. ನಿಮ್ಮ ಕಾಗದದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಅಂದೆ. ತಪ್ಪು ನನ್ನದರಲ್ಲಿತ್ತು, ನನಗೆ ಗಂಡ ಇಲ್ಲ, ಅಜ್ಜಿ ಹಾಗೆ ತಿಳಿದುಕೊಂಡರು, ಮರಿ ಸಿಗುತ್ತದೆ ಅಂತ ನಾನು ಸುಮ್ಮನಿದ್ದೆ ಅಂದೆ. ಬಚ್ಚಲ ವಿಷಯವನ್ನೂ ಹೇಳಿದೆ. ಹೆಂಡತಿ ಮೊದಲು ತಮಾಷೆ ಅಂದುಕೊಂಡು ನಕ್ಕರು. ಗಂಡನ ಮುಖ ನೋಡಿ ನಗು ನಿಲ್ಲಿಸಿದರು. ನಾನು ಅರ್ಧ ಕುಡಿದಿದ್ದ ಕಾಫಿ ಲೋಟವನ್ನು ಎತ್ತಿಕೊಂಡು ಒಳಗೆ ಹೋದರು, ವಾಪಸ್ ಬರಲಿಲ್ಲ.

ಹುಡುಗಿ ಪಿಟೀಲಿನ ಕಿವಿ ಹಿಡಿದುಕೊಂಡೇ ತಂದೆಯನ್ನು ಕೇಳಿದಳು. "ಹಾಗಾದ್ರೆ ಅಪ್ಪ, ಇವಳು ನಮ್ಮವಳಾ?"

ಹೌದು ಅಂತ ನಾನೇ ಹೇಳಿದೆ. ಬೆಲ್ಟನ್ನು ಅವಳ ತಂದೆಯ ಕೈಗೆ ಕೊಡಲು ಹೋದೆ.

ಅವರು ತೆಗೆದುಕೊಳ್ಳಲಿಲ್ಲ. ಬಯ್ಯಲೂ ಇಲ್ಲ. ಬಯ್ದಿದ್ದರೆ ಹಗುರವಾಗುತ್ತಿತ್ತು. "ಬೇಡ ಮೇಡಂ. ನಾಳೆ ನಿಮಗೆ ಮನಸ್ಸು ಬದಲಾದ್ರೆ ನನ್ನ ಮಗಳು ಇನ್ನೊಂದು ಸಲ ಅಳೋದನ್ನ ನನಗೆ ನೋಡೋಕಾಗಲ್ಲ. ಅಜ್ಜಿ ಬರೆದು ಕಳಿಸಲಿ, ತಗೋತೀನಿ. ನಿಮ್ಮ ಮಾತಿನ ಮೇಲೆ ಬೇಡ" ಅಂದರು. ಹುಡುಗಿಯನ್ನು ನಿಧಾನವಾಗಿ ಎಬ್ಬಿಸಿ ಒಳಗೆ ಕರೆದುಕೊಂಡು ಹೋದರು. ನಾನು ಆ ಬಿಳಿ ಹಾಳೆಯ ಮುಂದೆ ಒಬ್ಬಳೇ ಉಳಿದೆ.

ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ. ಅವರಿಗೆ ಬರೆಯಿರಿ ಅಮ್ಮಾ. ಮರಿ ನಿಮ್ಮದು, ಹೋಗಿ ಕರೆದುಕೊಂಡು ಬನ್ನಿ ಅಂತ ಬರೆಯಿರಿ. ಗ್ಯಾರೇಜಿಗೆ ಕರೆಯದಿದ್ದರೆ ಹಗಲು ಅವರು ಇರುತ್ತಾರೆ, ಅವರೇ ಹೇಳಿದ್ದು. ನನ್ನ ಮಾತು ಬೇಡ ಅನ್ನಿಸಿದರೆ ನೀವೇ ಹೋಗಿ ನೋಡಿ. ನನಗೆ ಉತ್ತರ ಬರೆಯದಿದ್ದರೂ ಪರವಾಗಿಲ್ಲ, ಅವರಿಗೆ ಬರೆದರೆ ಸಾಕು. ಪಿಟೀಲಿಗೆ ಈಗ ಅನ್ನಕ್ಕಿಂತ ಬೇಯಿಸಿದ ಗೆಣಸು ಇಷ್ಟ ಅಂತ ಅವರಿಗೆ ತಿಳಿಸಿ. ಗುಡುಗು ಬಂದರೆ ತಲೆಯ ಮೇಲೆ ಟವಲು ಹೊದಿಸಬೇಕು.

ಅವಳು ಈಗ ನನ್ನ ಪಾದದ ಮೇಲೆ ಮಲಗಿದ್ದಾಳೆ. ಕಾಲು ಜೋಮು ಹಿಡಿದಿದೆ, ಕದಲಿಸಿಲ್ಲ. ಈ ಕಾಗದ ಅಂಚೆಗೆ ಬೀಳುವವರೆಗೆ ನನ್ನವಳು.

ಅಂಚೆ ಡಬ್ಬಿ ಬೀದಿಯ ಆ ತುದಿಗಿದೆ. ಅವಳನ್ನೂ ಕರೆದುಕೊಂಡೇ ಹೋಗುತ್ತೇನೆ.

ಕರಡು ತಿದ್ದುವವಳು